ಷರತ್ತು ಸರಿ, ಯಾವಾಗ ಪರೀಕ್ಷಿಸಬೇಕು? ಯಾಂಗ್ ಭಾಷೆಯ ನಿಯಮಗಳನ್ನು ಓದುವ ಬಗೆ

ನಮ್ಮ ಸಿಇಬಿಎ ವಿಭಾಗದವರು ಬೆಳಿಗ್ಗೆ ಅಕೌಂಟೆನ್ಸಿ, ಮಧ್ಯಾಹ್ನ ಕಂಪ್ಯೂಟರ್ ಸೈನ್ಸ್ ಓದುತ್ತೇವೆ. ಡೇಟಾಬೇಸ್ ಪಾಠದಲ್ಲಿ ಕನ್‌ಸ್ಟ್ರೇಂಟ್ ಅಂದರೆ ಏನು ಎಂದು ಎಲ್ಲರೂ ಬರೆದಿದ್ದೇವೆ. ನಾಟ್ ನಲ್, ಯೂನಿಕ್, ಪ್ರೈಮರಿ ಕೀ, ಫಾರಿನ್ ಕೀ. ಒಂದೊಂದಕ್ಕೂ ಒಂದು ಸಾಲಿನ ವ್ಯಾಖ್ಯೆ, ಒಂದು ಉದಾಹರಣೆ. ಆದರೆ ಯಂತ್ರ ಆ ನಿಯಮವನ್ನು ಯಾವ ಕ್ಷಣದಲ್ಲಿ, ಯಾವ ಡೇಟಾವನ್ನು ಮುಂದಿಟ್ಟುಕೊಂಡು ಪರೀಕ್ಷಿಸುತ್ತದೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಈ ಲೇಖನ ಪೂರ್ತಿ ಆ ಒಂದು ಪ್ರಶ್ನೆಯ ಬಗ್ಗೆ.

ಕನ್‌ಸ್ಟ್ರೇಂಟ್ ಎಂಬುದಕ್ಕೆ ನಾನು ಇಲ್ಲಿ ‘ಷರತ್ತು’ ಎಂದು ಬರೆಯುತ್ತೇನೆ. ಮನೆಯಲ್ಲಿ ನಾವು ಉರ್ದುವಿನಲ್ಲಿ ‘ಶರ್ತ್’ ಅನ್ನುತ್ತೇವೆ. ಜಮಾ, ಖರ್ಚು, ಬಾಕಿ ಬಂದ ದಾರಿಯಲ್ಲೇ ಅದೂ ಕನ್ನಡಕ್ಕೆ ಬಂದಿದೆ. ಹಾಗಾಗಿ ಈ ಪದ ನನಗೆ ಎರಡು ಕಡೆಯಿಂದಲೂ ಹತ್ತಿರ.

ಮೊದಲು ಯಾಂಗ್ ಅಂದರೆ ಏನು ಎಂದು ಹೇಳಿಬಿಡುತ್ತೇನೆ. ನೆಟ್‌ವರ್ಕ್‌ನಲ್ಲಿ ಸ್ವಿಚ್, ರೌಟರ್ ಎಂಬ ಪೆಟ್ಟಿಗೆಗಳಿರುತ್ತವೆ. ಅವಕ್ಕೆ ಯಾವ ಪೋರ್ಟ್ ಚಾಲೂ, ಯಾವುದು ಬಂದ್, ಯಾವ ಕಂಪ್ಯೂಟರ್ ಯಾವ ಗುಂಪಿನಲ್ಲಿ ಎಂದು ಹೇಳಿಕೊಡಬೇಕು. ಅದಕ್ಕೆ ಕಾನ್ಫಿಗರೇಶನ್ ಎನ್ನುತ್ತಾರೆ. ಹಿಂದೆ ಒಂದೊಂದು ಕಂಪನಿಯ ಪೆಟ್ಟಿಗೆಗೆ ಒಂದೊಂದು ಬಗೆಯ ಆದೇಶ ಟೈಪ್ ಮಾಡಬೇಕಿತ್ತು. 2002ರ ಜೂನ್‌ನಲ್ಲಿ ನೆಟ್‌ವರ್ಕ್ ನಡೆಸುವವರೂ ಇಂಟರ್‌ನೆಟ್ ನಿಯಮ ಬರೆಯುವವರೂ ಒಟ್ಟಿಗೆ ಕೂತು ಈ ತೊಂದರೆಗಳನ್ನು ಪಟ್ಟಿ ಮಾಡಿದರು. ಆ ಚರ್ಚೆಯ ವರದಿ ಆರ್‌ಎಫ್‌ಸಿ 3535. ಅದರ ಫಲವಾಗಿ 2006ರಲ್ಲಿ ನೆಟ್‌ಕಾನ್ಫ್ ಎಂಬ ಪ್ರೋಟೊಕಾಲ್ ಬಂತು, 2010ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 6020 ಎಂಬ ದಾಖಲೆಯಲ್ಲಿ ಯಾಂಗ್ ಬಂತು. ಹೆಸರಿನ ವಿಸ್ತರಣೆ ‘ಯೆಟ್ ಅನದರ್ ನೆಕ್ಸ್ಟ್ ಜನರೇಶನ್’. ಹೆಸರಿಟ್ಟವರು ತಮಾಷೆ ಮಾಡಿದ್ದಾರೆ ಅಂತ ನನಗೆ ಅನಿಸುತ್ತದೆ. 2016ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 7950 ಬಂತು, ಅದು ಯಾಂಗ್ 1.1. ಮೊದಲ ದಾಖಲೆಯಲ್ಲಿ ಷರತ್ತುಗಳ ಬಗ್ಗೆ ಎರಡು ಅರ್ಥ ಬರುವಂತಿದ್ದ ಕೆಲವು ಜಾಗಗಳನ್ನು ಇದರಲ್ಲಿ ಬಿಡಿಸಿ ಹೇಳಿದ್ದಾರೆ.

ಯಾಂಗ್ ಕೆಲಸ ಮಾಡಿಸುವ ಭಾಷೆ ಅಲ್ಲ, ನಮೂನೆ ಬರೆಯುವ ಭಾಷೆ. ಖಾಲಿ ಲೆಡ್ಜರ್ ಪುಸ್ತಕದಲ್ಲಿ ಕಾಲಂ ಎಳೆದು, ‘ಇಲ್ಲಿ ತಾರೀಖು, ಇಲ್ಲಿ ಮೊತ್ತ, ಮೊತ್ತ ಸೊನ್ನೆಗಿಂತ ಕಡಿಮೆ ಇರಕೂಡದು’ ಎಂದು ಮೇಲೆ ಬರೆದಿಟ್ಟ ಹಾಗೆ. ಡೇಟಾ ಮರದ ಆಕಾರದಲ್ಲಿರುತ್ತದೆ. ಕೊಂಬೆಗೆ ಕಂಟೇನರ್, ಒಂದೇ ಥರದ ಹಲವು ನಮೂದುಗಳಿಗೆ ಲಿಸ್ಟ್, ಕೊನೆಯಲ್ಲಿ ಬೆಲೆ ಹಿಡಿದಿರುವ ಎಲೆಗೆ ಲೀಫ್. ಸಿಸ್ಕೋ, ಜುನಿಪರ್ ಮುಂತಾದ ಕಂಪನಿಗಳ ಪೆಟ್ಟಿಗೆಗಳು ಈ ಭಾಷೆಯನ್ನು ಒಪ್ಪುತ್ತವೆ, ಆ ಎರಡಕ್ಕೂ ನಮ್ಮ ಬೆಂಗಳೂರಿನಲ್ಲಿ ದೊಡ್ಡ ಆಫೀಸುಗಳಿವೆ. ಬೆಳಿಗ್ಗೆ ಅರೆಕೆರೆ ಗೇಟ್‌ನಲ್ಲಿ ಕಂಪನಿ ಕ್ಯಾಬ್‌ಗೆ ಕಾಯುವವರಲ್ಲಿ ನಾಲ್ಕು ಜನರನ್ನು ಕೇಳಿದರೆ ಒಬ್ಬರಿಗಾದರೂ ಈ ಹೆಸರು ಗೊತ್ತಿರಬಹುದು.

ನನಗೆ ಗೊತ್ತಾಗಿದ್ದು ನಮ್ಮ ದೊಡ್ಡ ಭಾಯಿಯಿಂದ. ಅವರು ರಾತ್ರಿ ಪಾಳಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಾರೆ. ಒಂದು ರಾತ್ರಿ ಅವರ ಗ್ರಾಹಕರ ಅಂಗಡಿಯೊಂದರ ಸ್ವಿಚ್‌ನಲ್ಲಿ ಒಂದು ಪೋರ್ಟ್‌ನ ವಿಧಾನವನ್ನು ಪರೀಕ್ಷೆಗಾಗಿ ‘ಆಕ್ಸೆಸ್’ನಿಂದ ‘ಟ್ರಂಕ್’ಗೆ ಬದಲಾಯಿಸಿದರು, ಹತ್ತು ನಿಮಿಷದ ನಂತರ ಮತ್ತೆ ‘ಆಕ್ಸೆಸ್’ಗೆ ತಂದರು. ಎರಡು ಸಲವೂ ಪೆಟ್ಟಿಗೆ ‘ಓಕೆ’ ಅಂದಿತು. ಬೆಳಿಗ್ಗೆ ಅಂಗಡಿ ತೆರೆದಾಗ ಆ ಪೋರ್ಟ್‌ಗೆ ಸೇರಿದ ಬಿಲ್ಲಿಂಗ್ ಕೌಂಟರ್‌ಗಳಿಗೆ ನೆಟ್‌ವರ್ಕ್ ಇಲ್ಲ. ಶನಿವಾರ ಬೇರೆ. ಪೋರ್ಟ್ ಚಾಲೂ ಇದೆ, ವಿಧಾನ ಆಕ್ಸೆಸ್ ಇದೆ, ಗುಂಪಿನ ಸಂಖ್ಯೆ ಮಾತ್ರ ಮಾಯ. ಅದನ್ನು ಯಾರೂ ಅಳಿಸಿರಲಿಲ್ಲ. ಪೆಟ್ಟಿಗೆಯೂ ಕೆಟ್ಟಿರಲಿಲ್ಲ, ಯಾಂಗ್ ನಿಯಮ ಹೇಳಿದ್ದನ್ನೇ ಮಾಡಿತ್ತು. ಏಕೆ ಹಾಗಾಯಿತು ಎಂದು ತಿಳಿಯಲು ಷರತ್ತುಗಳನ್ನು ಒಂದೊಂದಾಗಿ ನೋಡೋಣ.

ಉದಾಹರಣೆಗೆ ಒಂದು ಕಂಪ್ಯೂಟರ್ ಲ್ಯಾಬ್‌ನ ಸ್ವಿಚ್ ತೆಗೆದುಕೊಳ್ಳಿ. ಮರದಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದು ವಿಲಾನ್ ಪಟ್ಟಿ. ವಿಲಾನ್ ಅಂದರೆ ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆ ಮಾಡಿಟ್ಟ ಗುಂಪು: 10 ಆಫೀಸಿಗೆ, 20 ಲ್ಯಾಬ್‌ಗೆ. ಎರಡನೆಯದು ಪೋರ್ಟ್ ಪಟ್ಟಿ. ಪ್ರತಿ ಪೋರ್ಟ್‌ಗೆ ಹೆಸರು, ಚಾಲೂ (ನಿಜ ಅಥವಾ ಸುಳ್ಳು), ವಿಧಾನ (ಆಕ್ಸೆಸ್ ಅಥವಾ ಟ್ರಂಕ್), ಮತ್ತು ವಿಲಾನ್ ಸಂಖ್ಯೆ ಎಂಬ ಲೀಫ್‌ಗಳು. ನಿಜವಾದ ಯಾಂಗ್‌ನಲ್ಲಿ ಲೀಫ್‌ಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಓದಲು ಸುಲಭವಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಈಗ ನಿಯಮಗಳು. ವಿಲಾನ್ ಸಂಖ್ಯೆ 1ರಿಂದ 4094ರ ಒಳಗಿರಬೇಕು. ಪೋರ್ಟ್‌ಗೆ ಕೊಟ್ಟ ವಿಲಾನ್, ವಿಲಾನ್ ಪಟ್ಟಿಯಲ್ಲಿ ಇರಲೇಬೇಕು. ವಿಧಾನ ಆಕ್ಸೆಸ್ ಆಗಿದ್ದರೆ ಮಾತ್ರ ವಿಲಾನ್ ಎಂಬ ಲೀಫ್ ಇರಬಹುದು. ಮೂರೂ ‘ನಿಯಮ’ವೇ. ಆದರೆ ಯಾಂಗ್ ಮೂರನ್ನೂ ಒಂದೇ ಹೊತ್ತಿಗೆ ಪರೀಕ್ಷಿಸುವುದಿಲ್ಲ.

ಮೊದಲನೆಯದು ಟೈಪ್‌ಗೆ ಸೇರಿದ್ದು. ಡೇಟಾ ಪೆಟ್ಟಿಗೆಯ ಬಾಗಿಲಿಗೆ ಬರುವಾಗಲೇ ಇದರ ಪರೀಕ್ಷೆ. 5000 ಎಂದು ಕಳಿಸಿದರೆ ಬಾಗಿಲಲ್ಲೇ ವಾಪಸ್, ‘ಇನ್‌ವ್ಯಾಲಿಡ್-ವ್ಯಾಲ್ಯೂ’ ಎಂಬ ಉತ್ತರದೊಂದಿಗೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಜಿಎಸ್‌ಟಿ ನಂಬರ್‌ನ ಆಕಾರ ನೋಡಿದ ಹಾಗೆ. ಅದರಲ್ಲಿ 15 ಅಕ್ಷರ ಇರಬೇಕು. ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಆಮೇಲಿನ 10 ಅಕ್ಷರ ಪ್ಯಾನ್. 14 ಅಕ್ಷರ ಬರೆದರೆ ಬೇರೇನನ್ನೂ ನೋಡಬೇಕಿಲ್ಲ. ಆದರೆ ಆಕಾರ ಸರಿ ಇದ್ದ ಮಾತ್ರಕ್ಕೆ ಅಂಥ ವ್ಯಾಪಾರಿ ನಿಜವಾಗಿ ಇದ್ದಾರೆ ಎಂದು ಅರ್ಥವಲ್ಲ. ಟೈಪ್ ಪರೀಕ್ಷೆ ಅಕ್ಕಪಕ್ಕ ನೋಡುವುದಿಲ್ಲ, ಆ ಒಂದು ಬೆಲೆಯನ್ನಷ್ಟೇ ನೋಡುತ್ತದೆ.

ಎರಡನೆಯದು ಅಕ್ಕಪಕ್ಕ ನೋಡುವ ನಿಯಮ. ಯಾಂಗ್‌ನಲ್ಲಿ ಅದಕ್ಕೆ ಲೀಫ್‌ರೆಫ್ ಎಂದು ಹೆಸರು. ನಮ್ಮ ಫಾರಿನ್ ಕೀಗೆ ಹತ್ತಿರದ್ದು. ‘ಮಸ್ಟ್’ ಎಂದು ಬರೆಯುವ ಷರತ್ತು, ‘ಯೂನಿಕ್’, ‘ಮ್ಯಾಂಡೇಟರಿ’, ಕನಿಷ್ಠ ಇಷ್ಟು ನಮೂದು ಬೇಕು ಎನ್ನುವ ‘ಮಿನ್-ಎಲಿಮೆಂಟ್ಸ್’, ಇವೆಲ್ಲ ಇದೇ ಗುಂಪಿನವು. ಇವುಗಳ ಬಗ್ಗೆ ಆರ್‌ಎಫ್‌ಸಿ 7950 ಹೇಳುವ ಮಾತಿನ ಸಾರ: ಇವು ‘ಸಿಂಧುವಾದ’ ಮರದಲ್ಲಿ ನಿಜವಾಗಿರಬೇಕು. ಪ್ರತಿ ಕ್ಷಣದ ಮರದಲ್ಲಿ ಅಲ್ಲ.

ಈ ವ್ಯತ್ಯಾಸ ಕಾಮರ್ಸ್‌ನವರಿಗೆ ಬೇಗ ಹೊಳೆಯಬೇಕು. ಪೆಟ್ಟಿಗೆಯಲ್ಲಿ ‘ರನ್ನಿಂಗ್’ ಎಂಬ ಕಾನ್ಫಿಗರೇಶನ್ ಇರುತ್ತದೆ, ಈಗ ನಡೆಯುತ್ತಿರುವುದು ಅದು. ಕೆಲವು ಪೆಟ್ಟಿಗೆಗಳಲ್ಲಿ ‘ಕ್ಯಾಂಡಿಡೇಟ್’ ಎಂಬ ಇನ್ನೊಂದು ಪ್ರತಿಯೂ ಇರುತ್ತದೆ. ಅದು ನಮ್ಮ ರಫ್ ಪುಸ್ತಕ. ರನ್ನಿಂಗ್ ಯಾವಾಗಲೂ ಸಿಂಧುವಾಗಿರಲೇಬೇಕು. ಅದನ್ನೇ ನೇರವಾಗಿ ತಿದ್ದಿದರೆ ಆ ಒಂದು ತಿದ್ದುಪಡಿ ಮುಗಿದ ಕೂಡಲೇ ಪೂರ್ತಿ ಪರೀಕ್ಷೆ. ಕ್ಯಾಂಡಿಡೇಟ್‌ನಲ್ಲಿ ಹಾಗಲ್ಲ. ಬೆಳಿಗ್ಗೆ ವಿಲಾನ್ 20 ಅಳಿಸಿ, ಮಧ್ಯಾಹ್ನ ಅದನ್ನು ಬೇರೆ ಹೆಸರಿನಲ್ಲಿ ಮತ್ತೆ ಸೇರಿಸಬಹುದು. ನಡುವೆ ಲ್ಯಾಬ್‌ನ ಪೋರ್ಟ್‌ಗಳು ಇಲ್ಲದ ವಿಲಾನ್‌ಗೆ ಬೆರಳು ತೋರಿಸುತ್ತಿದ್ದರೂ ಯಾರೂ ತಡೆಯುವುದಿಲ್ಲ. ‘ಕಮಿಟ್’ ಅಥವಾ ‘ವ್ಯಾಲಿಡೇಟ್’ ಅಂದ ಕ್ಷಣ ಎಲ್ಲ ಲೆಕ್ಕವೂ ಕೂಡಬೇಕು.

ಟ್ಯಾಲಿ ಬಳಸಿದವರು ನೆನಪಿಸಿಕೊಳ್ಳಿ (ಆ ಕಂಪನಿ ನಮ್ಮ ಬೆಂಗಳೂರಿನದೇ, 1986ರಿಂದ ಇದೆ). ವೋಚರ್ ಬರೆಯುವಾಗ ಮೊದಲು ಡೆಬಿಟ್ ಸಾಲು ಹಾಕುತ್ತೇವೆ. ಆ ಕ್ಷಣ ಎರಡೂ ಕಡೆ ಸಮ ಇರಲು ಸಾಧ್ಯವೇ ಇಲ್ಲ. ಪ್ರೋಗ್ರಾಂ ಆಗ ಬಯ್ಯುವುದಿಲ್ಲ. ಕೊನೆಗೆ ಸೇವ್ ಮಾಡಲು ಹೋದಾಗ ಡೆಬಿಟ್ ಕ್ರೆಡಿಟ್ ಸಮ ಇಲ್ಲದಿದ್ದರೆ ಮುಂದೆ ಬಿಡುವುದಿಲ್ಲ. ಆದರೆ ಮೊತ್ತದ ಜಾಗದಲ್ಲಿ ಅಕ್ಷರ ಒತ್ತಿ ನೋಡಿ, ಅಲ್ಲೇ ನಿಲ್ಲಿಸುತ್ತದೆ. ಒಂದು ನಿಯಮ ಟೈಪ್‌ನದು, ಇನ್ನೊಂದು ಮಸ್ಟ್‌ನದು.

ಒಂದು ಉಪಯೋಗದ ಮಾತು: ಪೆಟ್ಟಿಗೆ ಕೊಡುವ ತಪ್ಪಿನ ಹೆಸರು ಯಾವ ಹಂತದಲ್ಲಿ ಸಿಕ್ಕಿಬಿದ್ದಿದ್ದೀರಿ ಎಂದು ತಿಳಿಸುತ್ತದೆ. ‘ಮಸ್ಟ್-ವಯಲೇಶನ್’, ‘ಡೇಟಾ-ನಾಟ್-ಯೂನಿಕ್’ ಎಂದು ಬಂದರೆ ಕಳಿಸಿದ ಸಾಲಿನಲ್ಲೇ ತಪ್ಪು ಹುಡುಕುತ್ತ ಕೂರಬೇಡಿ. ಅದು ಪೂರ್ತಿ ಮರವನ್ನು ನೋಡಿ ಹೇಳಿದ ಮಾತು, ತಪ್ಪು ನಿನ್ನೆ ಬೇರೆಯವರು ಹಾಕಿದ ಸಾಲಿನಲ್ಲೂ ಇರಬಹುದು.

ಮೂರನೆಯ ನಿಯಮ ‘ವೆನ್’. ಭಾಯಿಯ ರಾತ್ರಿಯ ಕಥೆ ಇಲ್ಲಿದೆ.

ಮಸ್ಟ್ ಮತ್ತು ವೆನ್ ನೋಡಲು ಅವಳಿ ಮಕ್ಕಳ ಹಾಗೆ. ಎರಡರೊಳಗೂ ಎಕ್ಸ್‌ಪಾತ್ ಎಂಬ ಭಾಷೆಯಲ್ಲಿ ಬರೆದ ಒಂದು ವಾಕ್ಯ, ಅದಕ್ಕೆ ನಿಜ ಅಥವಾ ಸುಳ್ಳು ಎಂಬ ಉತ್ತರ. ಆದರೆ ಸ್ವಭಾವ ಪೂರ್ತಿ ಬೇರೆ. ಮಸ್ಟ್ ಸುಳ್ಳಾದರೆ ‘ನಿನ್ನ ಡೇಟಾ ತಪ್ಪು’ ಎಂದು ಪೆಟ್ಟಿಗೆ ಜಗಳಕ್ಕೆ ಬರುತ್ತದೆ. ವೆನ್ ಸುಳ್ಳಾದರೆ ಜಗಳವಿಲ್ಲ; ‘ಈ ಲೀಫ್‌ಗೆ ಇಲ್ಲಿ ಜಾಗವೇ ಇಲ್ಲ’ ಎಂದರ್ಥ. ವೆನ್ ಸುಳ್ಳಾಗಿರುವ ನೋಡ್ ಯಾವ ಮರದಲ್ಲೂ, ಕ್ಯಾಂಡಿಡೇಟ್‌ನಲ್ಲಿ ಕೂಡ, ಇರಕೂಡದು. ಹಾಗಾದರೆ ಇದ್ದಕ್ಕಿದ್ದಂತೆ ಷರತ್ತು ಸುಳ್ಳಾದಾಗ ಅಲ್ಲಿ ಮೊದಲೇ ಇದ್ದ ಬೆಲೆ ಏನಾಗಬೇಕು? ಆರ್‌ಎಫ್‌ಸಿ ಸ್ಪಷ್ಟವಾಗಿ ಹೇಳುತ್ತದೆ: ತಿದ್ದುಪಡಿಯಿಂದ ಯಾವುದಾದರೂ ನೋಡ್‌ನ ವೆನ್ ಸುಳ್ಳಾದರೆ ಸರ್ವರ್ ತಾನೇ ಆ ನೋಡನ್ನು ಅಳಿಸುತ್ತದೆ. ಕೇಳುವುದಿಲ್ಲ.

ವಿಧಾನ ಟ್ರಂಕ್ ಆಯಿತು, ‘ಆಕ್ಸೆಸ್ ಇದ್ದರೆ ಮಾತ್ರ ವಿಲಾನ್’ ಎಂಬ ವೆನ್ ಸುಳ್ಳಾಯಿತು, ವಿಲಾನ್ 20 ಹೋಯಿತು. ಮತ್ತೆ ಆಕ್ಸೆಸ್ ಆದಾಗ ವೆನ್ ನಿಜವಾಯಿತು. ಆದರೆ ವೆನ್ ನಿಜವಾದರೆ ‘ಇರಬಹುದು’ ಎಂದಷ್ಟೇ ಅರ್ಥ. ಹಳೆಯ ಬೆಲೆಯನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಇದನ್ನು ನಮ್ಮ ಮಾಮುವಿಗೆ ವಿವರಿಸಿದಾಗ ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಅವರದು ಬನ್ನೇರುಘಟ್ಟ ರಸ್ತೆಯಲ್ಲಿ ಫರ್ನಿಚರ್ ಅಂಗಡಿ. ಹೊಸೂರಿನ ಗಿರಾಕಿಗೆ ಕಪಾಟು ಕಳಿಸಿದರೆ ಅದು ತಮಿಳುನಾಡು, ಬಿಲ್‌ನಲ್ಲಿ ಐಜಿಎಸ್‌ಟಿ ಸಾಲು. ಬೊಮ್ಮನಹಳ್ಳಿಗೆ ಕಳಿಸಿದರೆ ರಾಜ್ಯದ ಒಳಗೆ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂಬ ಎರಡು ಸಾಲು. ರಾಜ್ಯ ಬದಲಾಯಿಸಿದ ಕೂಡಲೇ ಐಜಿಎಸ್‌ಟಿ ಸಾಲು ಹೋಗಬೇಕಾದದ್ದೇ, ಎರಡೂ ಒಂದೇ ಬಿಲ್‌ನಲ್ಲಿ ಇರುವ ಹಾಗಿಲ್ಲ. ಅದು ವೆನ್. ಮಾಮು ಕೇಳಿದ್ದು ಇಷ್ಟು: “ಸಾಲು ಹೋಗಲಿ ಬೇಟಾ, ಖಾಲಿ ಬಿಲ್ ಪ್ರಿಂಟ್ ಆಗೋಕೆ ಯಾಕೆ ಬಿಡಬೇಕು?”

ಸರಿಯಾದ ಪ್ರಶ್ನೆ. ಆ ಸ್ವಿಚ್‌ನ ನಮೂನೆಯಲ್ಲಿ ಇಲ್ಲದ್ದು ಒಂದೇ ಪದ, ಮ್ಯಾಂಡೇಟರಿ. ವೆನ್ ಇರುವ ಲೀಫ್‌ಗೆ ಮ್ಯಾಂಡೇಟರಿ ಸೇರಿಸಬಹುದು, ಮತ್ತು ಎರಡೂ ಸೇರಿದಾಗ ಅರ್ಥ ಬಹಳ ಚೆನ್ನಾಗಿದೆ. ವೆನ್ ಸುಳ್ಳಾಗಿದ್ದರೆ ಮ್ಯಾಂಡೇಟರಿಯನ್ನು ಕೇಳುವುದೇ ಇಲ್ಲ. ವೆನ್ ನಿಜವಾದರೆ ಲೀಫ್ ಇರಲೇಬೇಕು. ಹಾಗೆ ಬರೆದಿದ್ದರೆ ಟ್ರಂಕ್‌ಗೆ ಹೋಗುವಾಗ ವಿಲಾನ್ ಸುಮ್ಮನೆ ಅಳಿಯುತ್ತಿತ್ತು, ಆದರೆ ಆಕ್ಸೆಸ್‌ಗೆ ವಾಪಸ್ ಬರುವಾಗ ‘ವಿಲಾನ್ ಎಲ್ಲಿ?’ ಎಂದು ಪೆಟ್ಟಿಗೆ ತಡೆಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಸಿಗುವ ಒಂದು ಎರರ್, ಬೆಳಿಗ್ಗೆ ಕೌಂಟರ್ ಮುಂದೆ ನಿಲ್ಲುವ ಸಾಲಿಗಿಂತ ಅಗ್ಗ. ಮ್ಯಾಂಡೇಟರಿ ಬದಲು ‘ಡಿಫಾಲ್ಟ್ 1’ ಎಂದು ಬರೆದರೆ ಆಗದೇ ಎಂದು ನಾನು ಭಾಯಿಯನ್ನು ಕೇಳಿದೆ. ಎರಡನ್ನೂ ಒಟ್ಟಿಗೆ ಬರೆಯುವ ಹಾಗಿಲ್ಲ, ಒಂದನ್ನು ಆರಿಸಬೇಕು. ಡಿಫಾಲ್ಟ್ ಆರಿಸಿದರೆ ಕೌಂಟರ್‌ಗಳು ಸದ್ದಿಲ್ಲದೆ ವಿಲಾನ್ 1ಕ್ಕೆ ಸೇರುತ್ತಿದ್ದವು. ನನಗೆ ಅದು ಇನ್ನೂ ಅಪಾಯ ಅನಿಸುತ್ತದೆ: ಬೆಲೆ ಇಲ್ಲ ಎಂಬುದಾದರೂ ಕಣ್ಣಿಗೆ ಬೀಳುತ್ತದೆ, ತಪ್ಪು ಬೆಲೆ ಇದೆ ಎಂಬುದು ಬೀಳುವುದಿಲ್ಲ.

ಇಲ್ಲಿಯವರೆಗೆ ‘ಯಾವಾಗ’ ಎಂಬುದನ್ನು ನೋಡಿದೆವು. ಇನ್ನು ‘ಏನನ್ನು ಇದೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು’ ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ ಎಂದು ಭಾಯಿ ಹೇಳುತ್ತಾರೆ.

ಮಸ್ಟ್ ಅನ್ನು ಯಾವ ನೋಡ್‌ನ ಕೆಳಗೆ ಬರೆದಿದೆಯೋ ಆ ನೋಡ್ ಮರದಲ್ಲಿ ಇದ್ದರೆ ಮಾತ್ರ ಅದನ್ನು ಪರೀಕ್ಷಿಸುತ್ತಾರೆ, ಎಷ್ಟು ನೋಡ್ ಇವೆಯೋ ಅಷ್ಟು ಸಲ. ನೋಡ್ ಇಲ್ಲದಿದ್ದರೆ ಮಸ್ಟ್ ನಿದ್ದೆ ಮಾಡುತ್ತಿರುತ್ತದೆ. ‘ವಿವರಣೆ’ ಎಂಬ ಲೀಫ್‌ನ ಕೆಳಗೆ ‘ಪೋರ್ಟ್ ಬಂದ್ ಇದ್ದರೆ ವಿವರಣೆ ಬರೆದಿರಲೇಬೇಕು’ ಎಂಬ ಮಸ್ಟ್ ಹಾಕಿದರೆ ಅದು ಎಂದಿಗೂ ಕೆಲಸ ಮಾಡದು. ವಿವರಣೆ ಬರೆಯದವರ ಮರದಲ್ಲಿ ಆ ಲೀಫ್ ಇಲ್ಲ, ಹಾಗಾಗಿ ಪರೀಕ್ಷೆಯೂ ಇಲ್ಲ. ಗೈರುಹಾಜರಾದವರ ಕೈಗೇ ಹಾಜರಿ ಪುಸ್ತಕ ಕೊಟ್ಟ ಹಾಗೆ. ಆ ಷರತ್ತನ್ನು ಒಂದು ಮೆಟ್ಟಿಲು ಮೇಲೆ, ಪೋರ್ಟ್ ನಮೂದಿನ ಕೆಳಗೆ ಬರೆಯಬೇಕು. ಪೋರ್ಟ್ ಅಂತೂ ಇದ್ದೇ ಇರುತ್ತದೆ.

ಇದಕ್ಕೆ ತಿರುವು ಡಿಫಾಲ್ಟ್. ನೀವು ಟೈಪ್ ಮಾಡದಿದ್ದರೂ ಡಿಫಾಲ್ಟ್ ಬೆಲೆ ಬಳಕೆಯಲ್ಲಿದ್ದರೆ ಷರತ್ತಿನ ಕಣ್ಣಿಗೆ ಆ ಲೀಫ್ ಇದೆ. ‘ಚಾಲೂ’ ಲೀಫ್‌ನ ಡಿಫಾಲ್ಟ್ ನಿಜ ಎಂದಿದ್ದರೆ, ಯಾರೂ ಮುಟ್ಟದ ಪೋರ್ಟ್‌ನಲ್ಲೂ ‘ಚಾಲೂ ಇದ್ದರೆ...’ ಎಂದು ಶುರುವಾಗುವ ಷರತ್ತು ಎಚ್ಚರವಾಗಿರುತ್ತದೆ. ಆದರೆ ಪೋರ್ಟ್ ನಮೂದೇ ಇಲ್ಲದಿದ್ದರೆ ಅದರ ಡಿಫಾಲ್ಟ್‌ಗಳೂ ಇಲ್ಲ.

ಕಂಟೇನರ್‌ನಲ್ಲಿ ಎರಡು ಜಾತಿ. ಒಂದು ‘ಪ್ರೆಸೆನ್ಸ್’ ಕಂಟೇನರ್, ಅದು ಇರುವುದಕ್ಕೇ ಒಂದು ಅರ್ಥವಿದೆ, ಅಂಗಡಿ ಬಾಗಿಲಿಗೆ ‘ತೆರೆದಿದೆ’ ಎಂಬ ಬೋರ್ಡ್ ಹಾಕಿದ ಹಾಗೆ. ಇನ್ನೊಂದು ಬರೀ ಅಚ್ಚುಕಟ್ಟಿಗಾಗಿ ಇರುವ ಡಬ್ಬ. ಯಾಂಗ್ 1.1 ಹೇಳುವಂತೆ ತಂದೆ ನೋಡ್ ಇದ್ದರೆ ಆ ಡಬ್ಬವೂ, ಒಳಗೆ ಏನೂ ಇಲ್ಲದಿದ್ದರೂ, ಷರತ್ತಿನ ಮಟ್ಟಿಗೆ ಇದೆ. ಹಾಗಾಗಿ ಡಬ್ಬದ ಮೇಲೆ ಬರೆದ ಮಸ್ಟ್ ಯಾವಾಗಲೂ ಪರೀಕ್ಷೆಯಾಗುತ್ತದೆ. ಮ್ಯಾಂಡೇಟರಿಯೂ ಇದೇ ದಾರಿಯಲ್ಲಿ ನಡೆಯುತ್ತದೆ: ಡಬ್ಬಗಳನ್ನು ದಾಟಿ ಮೇಲೆ ಹೋಗಿ, ನಿಜವಾಗಿ ‘ಇರುವ ಅಥವಾ ಇಲ್ಲದ’ ನೋಡ್ ಒಂದನ್ನು ಹುಡುಕುತ್ತದೆ. ಅದು ಇದ್ದರೆ ಮ್ಯಾಂಡೇಟರಿ ಲೀಫ್ ಬೇಕೇ ಬೇಕು. ಅಂಥದ್ದು ಮೇಲೆ ಎಲ್ಲೂ ಇಲ್ಲದಿದ್ದರೆ ಆ ಲೀಫ್ ಪ್ರತಿ ಪೆಟ್ಟಿಗೆಯಲ್ಲೂ ಕಡ್ಡಾಯ.

ಯೂನಿಕ್‌ನದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಹೆಸರಿಸಿದ ಲೀಫ್‌ಗಳೆಲ್ಲ ಇರುವ ನಮೂದುಗಳನ್ನು ಮಾತ್ರ ಅದು ಹೋಲಿಸುತ್ತದೆ. ಜಿಎಸ್‌ಟಿ ನಂಬರ್ ಇಲ್ಲದ ಇಬ್ಬರು ಗಿರಾಕಿಗಳು ‘ಒಂದೇ ನಂಬರಿನವರು’ ಆಗುವುದಿಲ್ಲವಲ್ಲ, ಹಾಗೆ.

ಈಗ ಎಕ್ಸ್‌ಪಾತ್‌ನ ಎರಡು ಬಲೆಗಳು. ಇವನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಎಕ್ಸ್‌ಪಾತ್ 1.0 ಬಂದದ್ದು 1999ರಲ್ಲಿ, ಯಾಂಗ್‌ಗಿಂತ ಹತ್ತು ವರ್ಷಕ್ಕೂ ಹಳೆಯದು, ಅದರ ಅಭ್ಯಾಸಗಳನ್ನು ಯಾಂಗ್ ಹಾಗೇ ತೆಗೆದುಕೊಂಡಿದೆ.

ಮೊದಲ ಬಲೆ. ವೆನ್‌ನಲ್ಲಿ ಬರೀ ‘ಚಾಲೂ’ ಎಂಬ ದಾರಿಯನ್ನಷ್ಟೇ ಬರೆದು ನಿಲ್ಲಿಸಿದರೆ? ಚಾಲೂವಿನ ಬೆಲೆ ಸುಳ್ಳು ಎಂದಿದ್ದಾಗ ಷರತ್ತು ಸುಳ್ಳಾಗುತ್ತದೆ ಎಂದು ಕ್ಲಾಸಿನಲ್ಲಿ ಕೇಳಿದ ಎಲ್ಲರೂ ಹೇಳಿದರು. ಇಲ್ಲ, ನಿಜವಾಗುತ್ತದೆ. ದಾರಿಯ ಕೊನೆಯಲ್ಲಿ ನೋಡ್ ಸಿಕ್ಕಿತೇ ಇಲ್ಲವೇ ಎಂಬುದಷ್ಟೇ ಅಲ್ಲಿ ಪ್ರಶ್ನೆ, ಅದರ ಹೊಟ್ಟೆಯಲ್ಲಿ ಏನಿದೆ ಎಂಬುದಲ್ಲ. ‘ಚಾಲೂ = 'ನಿಜ'’ ಎಂದು ಪೂರ್ತಿ ಬರೆಯಬೇಕು.

ಎರಡನೆಯ ಬಲೆ ಇನ್ನೂ ಸೂಕ್ಷ್ಮ. ಈ ಎರಡು ವಾಕ್ಯ ನೋಡಿ: ‘ವಿಧಾನ != 'ಟ್ರಂಕ್'’ ಮತ್ತು ‘ನಾಟ್(ವಿಧಾನ = 'ಟ್ರಂಕ್')’. ಕನ್ನಡದಲ್ಲಿ ಎರಡಕ್ಕೂ ‘ವಿಧಾನ ಟ್ರಂಕ್ ಅಲ್ಲ’ ಎಂದೇ ಅನುವಾದ. ವಿಧಾನ ಎಂಬ ಲೀಫ್ ಇದ್ದರೆ ಉತ್ತರವೂ ಒಂದೇ. ಆದರೆ ಅದು ಇಲ್ಲದಿದ್ದರೆ? ಎಕ್ಸ್‌ಪಾತ್‌ನಲ್ಲಿ ಹೋಲಿಕೆ ಎಂದರೆ ‘ಇಂಥ ಒಂದು ನೋಡ್ ಸಿಗುತ್ತದೆಯೇ’ ಎಂಬ ಹುಡುಕಾಟ. ಮೊದಲ ವಾಕ್ಯ ಕೇಳುವುದು: ಟ್ರಂಕ್ ಅಲ್ಲದ ವಿಧಾನ ಒಂದಾದರೂ ಇದೆಯೇ? ವಿಧಾನವೇ ಇಲ್ಲ, ಹಾಗಾಗಿ ಉತ್ತರ ಸುಳ್ಳು. ಎರಡನೆಯದು ಕೇಳುವುದು: ಟ್ರಂಕ್ ಆದ ವಿಧಾನ ಇದೆಯೇ? ಇಲ್ಲ. ಅದನ್ನು ತಿರುಗಿಸಿದರೆ ನಿಜ. ಒಂದು ಪೋರ್ಟ್ ಅನ್ನು ತಿರಸ್ಕರಿಸುತ್ತದೆ, ಇನ್ನೊಂದು ಒಪ್ಪುತ್ತದೆ. ಒಂದೇ ದಾರಿಯಲ್ಲಿ ಹಲವು ನೋಡ್ ಸಿಗುವಾಗಲೂ ಇದೇ ತೊಡಕು. ವಿಲಾನ್‌ಗಳು 10, 20, 30 ಇದ್ದರೆ ‘ವಿಲಾನ್ = 20’ ನಿಜ, ‘ವಿಲಾನ್ != 20’ ಕೂಡ ನಿಜ! ಗಣಿತದ ಪೀರಿಯಡ್‌ನಲ್ಲಿ ಹೀಗೆ ಬರೆದರೆ ಸೊನ್ನೆ ಸಿಗುತ್ತದೆ, ಇಲ್ಲಿ ಇದೇ ಸರಿ ಉತ್ತರ.

ಬೆಲೆಗಳ ಹೋಲಿಕೆಯಲ್ಲಿ ಮಾತ್ರ ಯಾಂಗ್ ಕನಿಕರ ತೋರಿಸುತ್ತದೆ. +20 ಎಂದು ಕಳಿಸಿದರೂ 20 ಎಂಬ ಒಂದೇ ರೂಪಕ್ಕೆ ತಂದು ಹೋಲಿಸುತ್ತದೆ.

‘ಎಲ್ಲಿ ನಿಂತು ನೋಡಬೇಕು’ ಎಂಬುದನ್ನು ಬೇಗ ಹೇಳುತ್ತೇನೆ. ಷರತ್ತಿನ ದಾರಿ ಒಂದು ನೋಡ್‌ನಿಂದ ಶುರುವಾಗುತ್ತದೆ, ಎರಡು ಚುಕ್ಕಿ ಇಟ್ಟರೆ ಒಂದು ಮೆಟ್ಟಿಲು ಮೇಲೆ. ಮಸ್ಟ್‌ನಲ್ಲಿ ಅದನ್ನು ಬರೆದ ನೋಡೇ ಆರಂಭ. ಲೀಫ್‌ನ ವೆನ್‌ನಲ್ಲೂ ಆರಂಭ ಆ ಲೀಫೇ. ಆದರೆ ‘ಲೀಫ್ ಇರಬಹುದೇ’ ಎಂದು ಇನ್ನೂ ನಿರ್ಧಾರವಾಗಿಲ್ಲ, ಹಾಗಾಗಿ ಅದರ ಜಾಗದಲ್ಲಿ ಬೆಲೆ ಇಲ್ಲದ ಒಂದು ಗೊಂಬೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಲೆಕ್ಕ ಮಾಡುತ್ತಾರೆ. ಇದರಿಂದ ಒಂದು ವಿಷಯ ತಾನಾಗೇ ಬರುತ್ತದೆ: ವೆನ್ ತನ್ನದೇ ಲೀಫ್‌ನ ಬೆಲೆಯನ್ನು ಕೇಳಿ ಪ್ರಯೋಜನವಿಲ್ಲ, ಗೊಂಬೆಗೆ ಬೆಲೆ ಇಲ್ಲ. ‘ಚಾಯ್ಸ್’, ‘ಕೇಸ್’ ಎಂಬುವು ನಮೂನೆಯಲ್ಲಿ ಕಾಣುತ್ತವೆ, ಡೇಟಾದಲ್ಲಿ ಕಾಣುವುದಿಲ್ಲ. ಅವುಗಳ ಮೇಲೆ ಬರೆದ ವೆನ್‌ಗೆ ಹತ್ತಿರದ ಮೇಲಿನ ಡೇಟಾ ನೋಡೇ ಆರಂಭ. ಬೇರೆಯವರ ನಮೂನೆಗೆ ಹೊರಗಿನಿಂದ ಲೀಫ್ ಸೇರಿಸುವ ‘ಆಗ್ಮೆಂಟ್’ನಲ್ಲಾದರೆ ಸೇರಿಸುವ ಜಾಗವೇ ಆರಂಭ. ಮೆಟ್ಟಿಲು ಎಣಿಸುವಾಗ ಇದು ಮರೆತರೆ ದಾರಿ ಬೇರೆ ಮನೆಗೆ ಹೋಗುತ್ತದೆ. ಲಿಸ್ಟ್‌ನ ಕೀ ಆಗಿರುವ ಲೀಫ್‌ಗೆ ವೆನ್ ಹಾಕುವ ಹಾಗೇ ಇಲ್ಲ. ಕೀ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಎಂದರೆ ಅದು ಕೀ ಹೇಗಾದೀತು.

ಕೊನೆಯ ವಿಷಯ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಏಕೆಂದರೆ ಅದು ಸ್ಟಾಕ್ ಲೆಕ್ಕದ ಪಾಠವೇ. ಪೆಟ್ಟಿಗೆಯಲ್ಲಿ ಎರಡು ಬಗೆಯ ಡೇಟಾ ಇದೆ. ನಾವು ಹೇಳಿದ್ದು ಕಾನ್ಫಿಗರೇಶನ್. ನಿಜವಾಗಿ ಇರುವ ಸ್ಥಿತಿ ಸ್ಟೇಟ್: ಕೇಬಲ್ ಸಿಕ್ಕಿಸಿದೆಯೇ, ಎಷ್ಟು ಡೇಟಾ ಹರಿಯಿತು. ಕಾನ್ಫಿಗರೇಶನ್ ಮೇಲಿನ ಷರತ್ತು ಸ್ಟೇಟ್ ಅನ್ನು ನೋಡುವ ಹಾಗಿಲ್ಲ. ‘ಕೇಬಲ್ ಇದ್ದರೆ ಮಾತ್ರ ಪೋರ್ಟ್ ಚಾಲೂ ಮಾಡಬಹುದು’ ಎಂಬ ಮಸ್ಟ್ ಬರೆಯಲು ಬರುವುದಿಲ್ಲ. ಬರೆಯಲು ಬಂದಿದ್ದರೆ ಕಸ ಗುಡಿಸುವಾಗ ಒಂದು ಕೇಬಲ್ ಕಿತ್ತರೂ ನಿನ್ನೆ ಸಿಂಧುವಾಗಿದ್ದ ಕಾನ್ಫಿಗರೇಶನ್ ಇವತ್ತು ಅಸಿಂಧು ಆಗುತ್ತಿತ್ತು, ಯಾರೂ ಏನನ್ನೂ ತಿದ್ದದೆಯೇ. ಸ್ಟೇಟ್ ಮೇಲಿನ ಷರತ್ತಾದರೆ ಎರಡನ್ನೂ ನೋಡಬಹುದು.

2018ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 8342 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈಗ ನಿಜವಾಗಿ ಬಳಕೆಯಲ್ಲಿರುವುದನ್ನು ತೋರಿಸುವ ‘ಆಪರೇಶನಲ್’ ಎಂಬ ಸಂಗ್ರಹವನ್ನು ಅದು ಬೇರೆಯಾಗಿ ಇಟ್ಟಿದೆ. ಅಲ್ಲಿ ಮಸ್ಟ್, ವೆನ್, ಮ್ಯಾಂಡೇಟರಿ, ಯೂನಿಕ್ ಕೆಲವೊಮ್ಮೆ ಮುರಿದಿರಬಹುದು ಎಂದು ಒಪ್ಪಿಕೊಂಡಿದೆ. ಟೈಪ್ ಮತ್ತು ಮರದ ಆಕಾರ ಮಾತ್ರ ಮುರಿಯಕೂಡದು. ವರ್ಷದ ಕೊನೆಗೆ ಮಾಮು ಗೋಡೌನ್‌ನಲ್ಲಿ ಎಣಿಸುವಾಗ ಪುಸ್ತಕದಲ್ಲಿ 40 ಕುರ್ಚಿ, ಎದುರಿಗೆ 38 ಇದ್ದರೆ, ಎಣಿಕೆ ಹಾಳೆಯಲ್ಲಿ 38 ಎಂದೇ ಬರೆಯಬೇಕು. ‘ಪುಸ್ತಕಕ್ಕೆ ಹೊಂದುವುದಿಲ್ಲ’ ಎಂದು ಬರೆಯದೆ ಬಿಟ್ಟರೆ ಎಣಿಸಿದ್ದು ಯಾಕೆ? ಆದರೆ 38 ಬದಲು ‘ಮೇಜು’ ಎಂದು ಬರೆಯುವ ಹಾಗಿಲ್ಲ.

ಕೈಯಾರೆ ಮಾಡಿ ನೋಡಬೇಕು ಅನ್ನುವವರಿಗೆ ಎರಡು ಉಚಿತ ಉಪಕರಣಗಳಿವೆ. ಪೈಯಾಂಗ್ ಪೈಥಾನ್‌ನಲ್ಲಿದೆ, ನಮೂನೆಯಲ್ಲಿ ತಪ್ಪಿದ್ದರೆ ಹೇಳುತ್ತದೆ. ಯಾಂಗ್‌ಲಿಂಟ್‌ಗೆ ನಮೂನೆಯ ಜೊತೆ ಡೇಟಾ ಕಡತವನ್ನೂ ಕೊಟ್ಟರೆ ಷರತ್ತುಗಳನ್ನು ಪರೀಕ್ಷಿಸಿ ಉತ್ತರ ಕೊಡುತ್ತದೆ. ಲಿನಕ್ಸ್ ಇರುವ ಸಾಧಾರಣ ಕಂಪ್ಯೂಟರ್ ಸಾಕು, ಸ್ವಿಚ್ ಬೇಕಿಲ್ಲ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಪೋರ್ಟ್ ನಮೂದಿನ ಕೆಳಗೆ ಈ ಮಸ್ಟ್ ಇದೆ: ‘ನಾಟ್(ಚಾಲೂ = 'ನಿಜ') ಅಥವಾ ವಿಲಾನ್’. ಚಾಲೂವಿನ ಡಿಫಾಲ್ಟ್ ನಿಜ. ವಿಲಾನ್‌ಗೆ ‘../ವಿಧಾನ = 'ಆಕ್ಸೆಸ್'’ ಎಂಬ ವೆನ್ ಇದೆ. ವಿಧಾನಕ್ಕೆ ಡಿಫಾಲ್ಟ್ ಇಲ್ಲ, ಮ್ಯಾಂಡೇಟರಿಯೂ ಅಲ್ಲ. ಕ್ಯಾಂಡಿಡೇಟ್‌ನಲ್ಲಿ ಬರೀ ಹೆಸರು ಮಾತ್ರ ಇರುವ ಹೊಸ ಪೋರ್ಟ್ ಸೇರಿಸಿದ್ದೀರಿ. ಸೇರಿಸುವಾಗ ಎರರ್ ಬರುತ್ತದೆಯೇ? ಕಮಿಟ್ ಮಾಡುವಾಗ? ಕಮಿಟ್ ಒಪ್ಪಿಗೆಯಾಗಲು ಕನಿಷ್ಠ ಎಷ್ಟು ಲೀಫ್ ಬರೆಯಬೇಕು? ಎರಡು ದಾರಿ ಇವೆ, ಒಂದಕ್ಕೆ ಒಂದೇ ಲೀಫ್ ಸಾಕು. ಉತ್ತರಗಳನ್ನು ಲ್ಯಾಬ್‌ನ ನೋಟಿಸ್ ಬೋರ್ಡ್ ಪಕ್ಕದ ಡಬ್ಬಕ್ಕೆ ಹಾಕಿ.